ಮುಚ್ಚಲು ಮರೆತ ಪದರ

ನಾಲ್ಕು ಹಾಳೆ ಅಂಟಿಸಿದ ನಕ್ಷೆ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲಿನ ಲೋಟ. ಆ ಊರಿನ ನನ್ನ ಭಾನುವಾರಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಇನಾಯತ್‌ನ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಐದು ಜನ ಸೇರಿ ಕತೆಯಾಟ ಆಡುತ್ತಿದ್ದೆವು. ಒಬ್ಬರು ಕತೆ ಹೇಳಬೇಕು. ಉಳಿದವರು ಅದರೊಳಗಿನ ಪಾತ್ರಗಳಾಗಿ, ನಕ್ಷೆಯ ಚೌಕಗಳ ಮೇಲೆ ಕಾಯಿ ನಡೆಸುತ್ತ, ದಾಳ ಉರುಳಿಸುತ್ತ ಮುಂದೆ ಸಾಗಬೇಕು. ಕತೆ ಹೇಳುವವರು ನಾಟಕದ ಮೇಷ್ಟ್ರು ವಿಠಲಮೂರ್ತಿ. ನಕ್ಷೆ ಮಾಡುವವಳು ನಾನು.

ನಕ್ಷೆಯನ್ನೇ ಏಕೆ ಹಿಡಿದೆನೆಂದರೆ, ಅದಕ್ಕೆ ನಾಲಿಗೆ ಬೇಡ. ನನಗೆ ಚಿಕ್ಕಂದಿನಿಂದ ಉಗ್ಗು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಪ್ರಕಾರ ನನ್ನಷ್ಟು ಸಿರಿವಂತೆ ಆ ಊರಲ್ಲಿ ಇನ್ನೊಬ್ಬಳಿರಲಿಲ್ಲ.

ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶವೊಂದು ನನ್ನ ಹಳೇ ಕಂಪ್ಯೂಟರಿನಲ್ಲಿತ್ತು. ಕಲ್ಲು, ನೀರು, ಗೋಡೆ ಎಂದು ಅದರ ತುಂಬ ಪುಟ್ಟ ಪುಟ್ಟ ಚೌಕದ ಚಿತ್ರಗಳು. ಮನೆಗೆ ಟೈಲ್ಸ್ ಕೂರಿಸಿದ ಹಾಗೆ ಒಂದರ ಪಕ್ಕ ಒಂದು ಕೂರಿಸುತ್ತ ಹೋದರೆ ದೊಡ್ಡ ನೆಲಮಾಳಿಗೆಯೇ ಸಿದ್ಧವಾಗುತ್ತಿತ್ತು. ಕೆಳಗಿನ ಪದರದಲ್ಲಿ ನೆಲ, ಅದರ ಮೇಲೆ ಗೋಡೆ, ಅದರ ಮೇಲೆ ಪೀಪಾಯಿ, ಪೆಟ್ಟಿಗೆ. ಎಲ್ಲಕ್ಕಿಂತ ಮೇಲಿನದು ಗುಟ್ಟಿನ ಪದರ. ಎಲ್ಲಿ ಗುಂಡಿ ತೋಡಿದೆ, ಯಾವ ಗೋಡೆ ನಿಜಕ್ಕೂ ಬಾಗಿಲು ಎಂದು ಕೆಂಪು ಗುರುತು ಹಾಕುವುದು ಅಲ್ಲಿ. ಅದು ಕತೆ ಹೇಳುವವರ ಪ್ರತಿಯಲ್ಲಿ ಮಾತ್ರ ಇರಬೇಕು. ಆಡುವವರ ಪ್ರತಿ ಮುದ್ರಿಸುವಾಗ ಆ ಪದರದ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಮುಚ್ಚಬೇಕು, ಅಷ್ಟೆ.

ಹೀಗಿರುವಾಗ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. "ಇನ್ಮೇಲೆ ಕತೆ ಹೇಳೋಳು ಇವಳೇ," ಎಂದು ಹೊರಟ ದಿನ ನನ್ನತ್ತ ಕೈ ತೋರಿಸಿಬಿಟ್ಟರು.

"ನ... ನನ್ನ ಕೇಳಿದ್ರಾ?" ಎಂದೆ ಹೇಗೋ.

"ಕೋಳಿ ಕೇಳಿ ಮಸಾಲೆ ಅರೀತಾರೇನೆ?" ನರ್ಸ್ ಫಿಲೋಮಿನಾ ನಕ್ಕಳು. "ಒಂದೊಂದು ಕಲ್ಲೂ ಜೋಡಿಸಿದೋಳು ನೀನು. ನೀನಲ್ದೆ ಇನ್ಯಾರು ಹೇಳ್ಬೇಕು?"

ನಿವೃತ್ತ ಸರ್ವೇಯರ್ ಹಾಲಪ್ಪನವರು ಮಾತ್ರ ನಗಲಿಲ್ಲ. "ನೀನು ಆಗಲ್ಲ ಅಂದ್ರೆ ಆಟ ನಿಲ್ಲಿಸೋದೇ ಸೈ," ಎಂದರು. ಅದು ಬೆದರಿಕೆಯಲ್ಲ, ಇದ್ದ ಮಾತು. ಉಳಿದ ಮೂವರಿಗೂ ಕತೆ ಕಟ್ಟಲು ಬರುತ್ತಿರಲಿಲ್ಲ. ಆ ಭಾನುವಾರವೂ ಹೋದರೆ ನಾನು ಮನುಷ್ಯರ ಜೊತೆ ಕೂರುವುದೇ ನಿಂತುಹೋಗುತ್ತಿತ್ತು. ಗತ್ಯಂತರವಿಲ್ಲದೆ ಒಪ್ಪಿದೆ.

ಒಂದು ತಿಂಗಳು ಕೂತು ನೆಲಮಾಳಿಗೆ ಕಟ್ಟಿದೆ. ಆ ದಿನ ಬಂದೇಬಂತು. ಮುದ್ರಿಸುವ ಅಂಗಡಿಯವರೇ ಅಂಟಿಸಿ ಸುತ್ತಿಕೊಟ್ಟಿದ್ದ ನಕ್ಷೆಯನ್ನು ಗಾಬರಿಯಲ್ಲಿ ನೋಡದೆಯೇ ಹಾಸಿ, ಲೋಟಗಳನ್ನಿಟ್ಟು, ಎದುರಿಗೊಂದು ರಟ್ಟು ಅಡ್ಡ ನಿಲ್ಲಿಸಿ, ಅದರ ಹಿಂದೆ ನನ್ನ ಪ್ರತಿಗೆ ಕಣ್ಣು ನೆಟ್ಟು ಕೂತೆ.

"ಮೆ... ಮೆ... ಮೆಟ್ಟಿಲು ಇಳೀತಿದೀರ," ಎನ್ನುವಷ್ಟರಲ್ಲಿ ಬೆವರು ಕಿತ್ತುಬಂತು. ಯಾರೂ ಅವಸರ ಮಾಡಲಿಲ್ಲ. ಇನಾಯತ್ ಬಲಕ್ಕೆ ತಿರುಗಿದ, ನೇರ ಗುಂಡಿಗೆ ಬಿದ್ದ. "ಅರೆ! ಸಿಕ್ಕಿಹಾಕಿಕೊಂಡೆನಲ್ಲ ಅಕ್ಕಾ!" ಎಂದು ಹಣೆ ಬಡಿದುಕೊಂಡ. ಫಿಲೋಮಿನಾ ಸುಸ್ತೆಂದು ತನ್ನ ಕಾಯಿಯನ್ನು ಗೋಡೆಗೆ ಒರಗಿಸಿದಳು. ಅದೇ ಕಳ್ಳಬಾಗಿಲು, ಒಳಗಿದ್ದ ಬಲೆ ಮೈಮೇಲೆ ಬಿತ್ತು. ನನಗೋ ಕೋಡು ಮೂಡಿತು. ಭಲೇ, ಎಂಥ ಚಾಲಾಕಿ ನಾನು! ಉಗ್ಗು ಉಗ್ಗಿನ ಪಾಡಿಗಿತ್ತು, ಕತೆ ಮಾತನ್ನು ಎಳೆದುಕೊಂಡು ಹೋಗುತ್ತಿತ್ತು. ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಕೆಳಗಿನ ಹೋಟೆಲಿನಿಂದ ಕಾಫಿ ಬಂತು. ಬಗ್ಗಿಸಿಕೊಳ್ಳಲು ಫಿಲೋಮಿನಾ ಲೋಟಗಳನ್ನೆತ್ತಿದ ಕೂಡಲೇ ನಕ್ಷೆ ಸುರುಳಿಯಾಗತೊಡಗಿತು. ಹಿಡಿಯಲು ಬಾಗಿದವಳು ಆಗ ಅದನ್ನು ಮೊದಲ ಸಲ ನೋಡಿದೆ.

ಗುಟ್ಟಿನ ಪದರದ ಕಣ್ಣು ಮುಚ್ಚಲು ಮರೆತಿದ್ದೆ! ಎಲ್ಲ ಗುಂಡಿಗಳೂ ಕಳ್ಳಬಾಗಿಲೂ ಕೆಂಪಗೆ ಹೊಳೆಯುತ್ತಿದ್ದವು. ಅಷ್ಟೇ ಆಗಿದ್ದರೆ ಸರಿ, ಬಲಗಡೆಯ ಗುಂಡಿಯ ಪಕ್ಕ ನಾನೇ ಟೈಪ್ ಮಾಡಿದ್ದ ಟಿಪ್ಪಣಿ: 'ಇನಾಯತ್ ಇಲ್ಲಿ ಬೀಳುತ್ತಾನೆ.' ಪಾಪ, ಅದನ್ನು ಓದಿಯೇ ಬಂದು ಬಿದ್ದಿದ್ದ.

ಮೊದಲು ಬಂದದ್ದು ಅವಮಾನ. ನನ್ನನ್ನು ಮಗುವಿನ ಹಾಗೆ ಆಡಿಸಿದರಲ್ಲ ಎಂದು ಕಣ್ಣು ತುಂಬಿತು. ಇನಾಯತ್ ಕಾಫಿ ಊದುತ್ತಿದ್ದ. ಫಿಲೋಮಿನಾ ಫ್ಯಾನು ನೋಡುತ್ತಿದ್ದಳು.

"ಇ... ಇದು..." ಎಂದು ಶುರುಮಾಡಿದೆ.

"ತಡಿಯವ್ವಾ, ಈಗ ನನ್ನ ಸರದಿ," ಎಂದರು ಹಾಲಪ್ಪನವರು.

ಆರು ವರ್ಷದ ಆಟದಲ್ಲಿ ಆ ಮನುಷ್ಯ ತಮ್ಮ ಪಾತ್ರದ ಕೋಲಿನಿಂದ ಮೂರು ಸಲ ನೆಲ ಕುಟ್ಟಿ ನೋಡದೆ ಒಂದು ಚೌಕವೂ ಮುಂದೆ ಹೋದವರಲ್ಲ. ಮೇಷ್ಟ್ರು ಎಷ್ಟೇ ತಿಪ್ಪರಲಾಗ ಹಾಕಿದರೂ ಒಮ್ಮೆಯೂ ಬಲೆಗೆ ಬಿದ್ದಿರಲಿಲ್ಲ. ಈಗ ತಮ್ಮ ಕಾಯಿಯನ್ನೆತ್ತಿ, ಸುತ್ತಲಿದ್ದ ಒಳ್ಳೆಯ ಚೌಕಗಳನ್ನೆಲ್ಲ ದಾಟಿಸಿ, ನಡುವಿನ ಅತಿ ದೊಡ್ಡ ಕೆಂಪು ಗುರುತಿನ ಮೇಲೆ ನಿಧಾನವಾಗಿ ಇಟ್ಟರು.

"ಬಿದ್ದೆ ಕಣವ್ವಾ," ಎಂದರು. "ಕೆಳಗೆ ಏನೈತೆ?"

ಅವರ ಮುಖದಲ್ಲಿ ನಗುವಿರಲಿಲ್ಲ, ಕನಿಕರವೂ ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಗುಂಡಿ ಎಲ್ಲಿದೆ ಎಂಬುದನ್ನಷ್ಟೇ ಆ ಗುರುತು ಹೇಳುತ್ತಿತ್ತು. ಒಳಗಿನದು ನನ್ನ ಬಾಯಿಂದಲೇ ಬರಬೇಕಿತ್ತು. ಹೊತ್ತ ಮೂಟೆ ಇಳಿಸಿದಂತಾಗಿ ಉದ್ದಕ್ಕೆ ಉಸಿರುಬಿಟ್ಟೆ.

"ನೀ... ನೀ... ನೀರು," ಎಂದೆ. "ಕಪ್ಪು ನೀರು. ಅದ್ರೊಳಗೆ ಯಾ... ಯಾರೋ ಹಾಡ್ತಿದಾರೆ."

ಹಾಲಪ್ಪನವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.