ಎತ್ತಿ ಕುಡಿದ ನೀರು

ನನ್ನ ತಮ್ಮ ಪಕ್ಕೀರಪ್ಪಗ ಗಂಟಲ ಕ್ಯಾನ್ಸರ್ ಆಗಿತ್ತು. ಡಾಕ್ಟರು ಕೆಟ್ಟಿದ್ದನ್ನ ಕೊಯ್ದು ತಗದು, ತೊಡಿ ಚರ್ಮ ತಂದು ಅಲ್ಲಿ ಹೊಲಿದಾರ. ತೊಡಿ ಹೋಗಿ ಗಂಟಲಾಗ ಕುಂದ್ರತೈತಿ ಅಂದ್ರ ನಾ ನಂಬಲಿಲ್ಲ. ಬಾಯಿ ತಗಿ ಅಂತ ಬ್ಯಾಟರಿ ಹಿಡದು ನೋಡಿದೆ.

"ಏನ್ ಹುಡುಕ್ತಿ ಯಕ್ಕಾ, ಮೊಣಕಾಲೂ ಐತೇನಂತ?" ಅಂದ ತೊದಲಿಕೋತ. ಮಾತು ತೊದಲಿದ್ರೂ ಕುಚೇಷ್ಟಿ ಹೋಗಿಲ್ಲ ನೋಡ್ರಿ.

ಗಿಣಿಗೇರಾದ ಕೆಲಸಕ್ಕ ರಜಾ ಹಾಕಿ ಇರಕಲ್ಲಗಡಕ್ಕ ನಮ್ಮ ಮನಿಗೆ ಬಂದಾನ. ಮೂಗಿನಾಗ ನಳಿಗಿ, ಅದರಾಗ ಊಟ. ರೂಢಿ ಆಗ್ಲಿ, ಬಾಯಿಂದನೂ ಚೂರು ಚೂರು ಕೊಡ್ರಿ ಅಂದಾರ. ಸೋಮವಾರ ತಪಾಸಣಿ. ನೀರು ನೆಟ್ಟಗ ನುಂಗಿದ್ರ ನಳಿಗಿ ತಗೀತಾರ, ಇಲ್ಲಾಂದ್ರ ಹೊಟ್ಟಿಗೆ ತೂತು ಹಾಕಿ ಅಲ್ಲೇ ನಳಿಗಿ ಇಡ್ತಾರಂತ.

ನನಗ ತಿಳೀಲಾರದ್ದು ಒಂದ. ಗಟ್ಟಿ ಅಂಬ್ಲಿ ಸರಕ್ಕನ ಇಳೀತೈತಿ, ತಿಳಿನೀರು ಕುಡದ್ರ ಕೆಮ್ಮಿ ಕೆಮ್ಮಿ ಮಾರಿ ಕೆಂಪಗಾಗ್ತೈತಿ. ದವಾಖಾನಿಯೊಳಗ ಚಮಚದಲೆ ಕೊಟ್ಟಾಗ ನೀರೂ ಇಳಿದಿತ್ತಲ್ಲ! ನಮ್ಮೂರ ನೀರಾಗ ಏನು ಮುಳ್ಳು ಅದಾವೇನು?

ಅವತ್ತು ಜ್ವಾಳ ಹಸನ ಮಾಡ್ಕೋತ ಕಣ್ಣು ಅವನ ಮ್ಯಾಲೇ ಇಟ್ಟೆ. ಅಂಬ್ಲಿನ ತನ್ನ ಚಮಚದಲೆ ತಗೊಂಡು ತಲಿ ಬಗ್ಗಿಸಿ, ಡಾಕ್ಟರು ಹೇಳಿದಂಗ ಗದ್ದ ಎದಿಗೆ ಹಚ್ಚಿ ನುಂಗಿದ. ಆಮ್ಯಾಲ ಮನಿಯವರೆಲ್ಲಾ ಕುಡಿಯೋ ಚರಗಿ ಹಿಡದ, ತಲಿ ಹಿಂದಕ್ಕ ಚೆಲ್ಲಿ, ತುಟಿಗೆ ತಾಗದಂಗ ಎತ್ತಿ ಸುರಕೊಂಡ. ಎಂಜಲ ಆಗಬಾರ್ದಂತ ನಮ್ಮ ಮಂದಿ ಕುಡಿಯೋದೇ ಹಂಗ! ಆಗ ನನಗ ತಿಳೀತು, ತಲಿ ಎತ್ತಿದ್ರ ನೀರು ಉಸಿರಿನ ದಾರಿ ಹಿಡೀತೈತಿ.

"ಅಯ್ಯ ನಿನ್ನ! ತುಟಿ ಹಚ್ಚಿ ಕುಡಿಯೋ," ಅಂತ ಲೋಟ ಕೊಟ್ಟೆ. ಒಲ್ಲೆ ಅಂದ.

"ಯಾವಾಗ ಇಷ್ಟು ಮಡಿವಂತ ಆದಿ? ಸಣ್ಣವಿದ್ದಾಗ ನಾ ಕಚ್ಚಿದ ಪ್ಯಾರಲಹಣ್ಣು ಕಸಗೊಂಡು ತಿಂದಾಂವ ನೀನು!"

ಅವ ನೆಲಾ ನೋಡಿದ. "ಈ ರೋಗ ಎಂಜಲದಿಂದ ನಿನಗ ಹತ್ತಿದ್ರ, ಯಕ್ಕಾ?"

ಹತ್ತಂಗಿಲ್ಲಂತ ಡಾಕ್ಟರು ಇಬ್ಬರ ಮುಂದೂ ಹೇಳಿದ್ರು. ಇವ ನಂಬಿಲ್ಲ. ನನಗಂತ ಇಷ್ಟು ದಿನ ಉಸಿರುಗಟ್ಟಿ ಸಾಯ್ಲಿಕ್ಕತ್ತಾನ ಮೂಳ! ಸಿಟ್ಟೂ ಬಂತು, ಅಳೂ ಬಂತು.

"ಮೊದ್ಲು ಕುಡಿ," ಅಂದೆ.

ಗದ್ದ ತಗ್ಗಿಸಿ, ತುಟಿ ಹಚ್ಚಿ ಒಂದು ಗುಟುಕು ತಗೊಂಡ. ಕೆಮ್ಮಲಿಲ್ಲ. ಇಬ್ಬರೂ ಮಾರಿ ಮಾರಿ ನೋಡ್ಕೊಂಡ್ವಿ. ಇನ್ನೊಂದು ಗುಟುಕು. ಅದೂ ಇಳೀತು.

ಲೋಟದಾಗ ಅರ್ಧ ಉಳದಿತ್ತು. ಅದನ್ನ ಚೆಲ್ಲಿ, ಲೋಟ ತೊಳದು ಬ್ಯಾರೆ ಇಡಾಕ ಎದ್ದ. ನಾ ಕಸಗೊಂಡೆ. ಅವನ ತುಟಿ ತಾಗಿದ ಕಡೇನ ನನ್ನ ತುಟಿ ಹಚ್ಚಿ, ಅವನ್ನ ನೋಡ್ಕೋತ ಪೂರಾ ಕುಡದೆ.

"ಸೋಮವಾರನೂ ಹಿಂಗ ಕುಡಿ," ಅಂದೆ.