ಹದದ ನೀಲಿ

ಬರ್ಮಿಂಗ್‌ಹ್ಯಾಮಿನ ಬಂದೂಕು ಕೇರಿಯಲ್ಲಿ ಸ್ಪ್ರಿಂಗಿಗೆ ಹದ ಹಾಕುವುದರಲ್ಲಿ ಈನಕ್ ಪಾರ್ಡೊನದು ಎತ್ತಿದ ಕೈ. ಅಂಥವನಿಗೆ ಮೂರು ವರ್ಷದಿಂದ ಬಣ್ಣವೇ ಕಾಣದು! ಕಾಯುವ ಉಕ್ಕು ಹೊಂಬಣ್ಣ, ಕಂದು, ನೇರಳೆ ದಾಟಿ ನೀಲಿಗೆ ಬಂದ ಗಳಿಗೆಯಲ್ಲೇ ಬೆಂಕಿಯಿಂದ ತೆಗೆಯಬೇಕು. ಮೊದಲೇ ತೆಗೆದರೆ ಪಟ್ಟೆಂದು ಮುರಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಅವನ ಕಣ್ಣಿಗೆ ಎಲ್ಲವೂ ಬೂದಿ ಬಣ್ಣ.

ಇದನ್ನು ಅವನು ಹೆಂಡತಿ ಲೆಟಿಗೂ ಹೇಳಿರಲಿಲ್ಲ. ಜಂಬ ನೋಡಿ! ಅವಳೂ ಕೇಳಿದವಳಲ್ಲ. ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತಾ ಕೂತು, ಸರಿಯಾದ ಹೊತ್ತಿಗೆ "ಅಬ್ಬಾ, ಎಂಥಾ ನೀಲಿ!" ಎಂದು ತನ್ನಷ್ಟಕ್ಕೆ ಅನ್ನುವಳು. ಅವನು ಕೇಳಿಸದವನಂತೆ ಚಿಮಟ ಎತ್ತುವನು. ಹೋದ ವಾರ ಅವಳು ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದಾಗ, ಹಟಕ್ಕೆ ಬಿದ್ದು ಒಬ್ಬನೇ ಎರಡು ಸ್ಪ್ರಿಂಗು ಮಾಡಿದ. ಎರಡೂ ಪಿಸ್ತೂಲು ಕಾರ್ಖಾನೆಗೆ ಹೋಗಿ ಮುರಿದವು.

ಇವತ್ತು ಆ ಕಾರ್ಖಾನೆಯ ಮೇಸ್ತ್ರಿ ಗ್ಯಾರೆಟ್ ಮನೆಗೇ ಬಂದುಬಿಟ್ಟ. ಕೋಟಿನ ಜೇಬಿನಿಂದ ಅಂಗೈಯಗಲದ ಹೊಸ ಪಿಸ್ತೂಲು ತೆಗೆದು, ಹಿಡಿಯ ಬಲಗಡೆಯ ತಗಡು ಬಿಚ್ಚಿದ. ಇಕ್ಕಳದಂತೆ ಮಡಚಿದ ಸ್ಪ್ರಿಂಗು ಕೂರಬೇಕಾದ ಜಾಗ ಖಾಲಿಯಿತ್ತು.

"ಗುಂಡು ಹಾರಿದ ಏಟಿಗೆ ಈ ಮೇಲಿನ ಜಾರುಭಾಗ ಹಿಂದಕ್ಕೆ ಹೋಗಿ ಖಾಲಿ ತೋಟಾ ಉಗುಳ್ತದೆ. ಅದನ್ನ ಮುಂದಕ್ಕೆ ತಳ್ಳಿ ಹೊಸ ತೋಟಾ ತುಂಬ್ಸೋದು ನಿನ್ನ ಸ್ಪ್ರಿಂಗು ಕಣಯ್ಯಾ. ಅದು ಮುರಿದ್ರೆ ಇದು ಬರೀ ಕಬ್ಬಿಣ. ನನ್ನೆದುರಿಗೇ ಒಂದಕ್ಕೆ ಹದ ಹಾಕು. ಕೆಟ್ರೆ ಕೆಲಸ ಬೇರೆಯವ್ರಿಗೆ."

"ನೋಡೇಬಿಡಿ," ಎಂದ ಈನಕ್. ಸ್ಪ್ರಿಂಗು ಕಾಯತೊಡಗಿತು. ಊರಿಂದ ವಾಪಸಾಗಿ ಒಲೆಯ ಪಕ್ಕ ಹೆಣೆಯುತ್ತಿದ್ದ ಲೆಟಿ ಬಾಯಿ ತೆರೆದಳು.

"ತಾಯೀ, ಸ್ವಲ್ಪ ಸುಮ್ನಿರಮ್ಮ. ಹದ ಹಾಕುವಾಗ ಹೆಂಗಸ್ರ ಮಾತು ಬೇಡ," ಎಂದ ಗ್ಯಾರೆಟ್. ಕೇರಿಯ ಹಳೇ ಕಟ್ಟಳೆಯದು.

ಈನಕ್ ಕಣ್ಣು ಕಿರಿದು ಮಾಡಿದ. ಬೂದಿ, ಬರೀ ಬೂದಿ. ನಲವತ್ತು ವರ್ಷದ ಹೆಸರು, ಮನೆಯ ರೊಟ್ಟಿ, ಎಲ್ಲ ಈ ಬೆಂಕಿಯ ಮೇಲೆ ಕೂತಿದ್ದವು. ಊಹೆಯ ಮೇಲೆ ಎತ್ತಿಬಿಡಲೇ?

"ಲೆಟೀ," ಎಂದ, "ನಂಗೆ ಬಣ್ಣ ಕಾಣಲ್ಲ ಕಣೇ. ಏನಾಗಿದೆ ಹೇಳು."

ಗ್ಯಾರೆಟ್ ದಂಗಾದ. ಲೆಟಿ ಹೆಣಿಗೆ ಬಿಸಾಕಿ ಎದ್ದು ಗಂಡನ ಭುಜ ಹಿಡಿದಳು.

"ನೇರಳೆ... ತಡಿ, ತಡಿ... ಹಾಂ, ತೆಗಿ!"

ಈನಕ್ ಚಿಮಟ ಎತ್ತಿದ. ಗ್ಯಾರೆಟ್ ತಣ್ಣಗಾದ ಸ್ಪ್ರಿಂಗನ್ನು ಪಿಸ್ತೂಲಿಗೆ ಕೂರಿಸಿ, ಜಾರುಭಾಗವನ್ನು ಇಪ್ಪತ್ತು ಸಲ ಎಳೆದೆಳೆದು ಬಿಟ್ಟ. ಪ್ರತಿ ಸಲವೂ ಠಕ್ಕನೆ ಮುಂದೆ ಬಂತು.

"ಶುಕ್ರವಾರಕ್ಕೆ ಎರಡು ಡಜನ್ ಬೇಕು," ಎಂದವನು ಬಾಗಿಲಲ್ಲಿ ತಿರುಗಿ, "ಇಬ್ರೂ ಸೇರಿ ಮಾಡಿ ಮತ್ತೆ," ಎಂದು ಹೊರಟುಹೋದ.

ಈನಕ್ ತಲೆ ತಗ್ಗಿಸಿ ಕೂತ. "ಮರ್ಯಾದೆ ಹೋಯ್ತು, ಅಲ್ವೇನೇ?"

ಲೆಟಿಯ ಕಣ್ಣು ತುಂಬಿತ್ತು. "ಮೂರು ವರ್ಷ ಗೋಡೆ ಹತ್ರ ಮಾತಾಡ್ದಂಗೆ ಮಾತಾಡಿದೀನಿ ಕಣೋ ಮುದುಕಾ," ಎಂದಳು. "ಇವತ್ತು ನೀನಾಗೇ ನನ್ನ ಕೇಳ್ದೆ."