ಅಕ್ಕ ತೋರಿಸಿದ ಅಡವಿ

ಕೈಗೆ ಸಾಬೂನು ಹಚ್ಚಿಕೊಂಡು ಒಂದೊಂದೇ ಬಳೆ ತೆಗೆದು ಬಚ್ಚಲ ಕಟ್ಟೆಯ ಮೇಲೆ ಇಟ್ಟೆ. ಮನೆಯೊಡತಿ ಬಸವಂತಮ್ಮನವರು ಚೊಂಬಿನಿಂದ ನೀರು ಹಾಕುತ್ತ ನಿಂತಿದ್ದರು. ಎಡಗೈಯ ಕೊನೆಯ ಬಳೆ ಗೆಣ್ಣಿಗೆ ಸಿಕ್ಕಿಕೊಂಡಿತು. ಅವರು ಚೊಂಬಿನ ಅಂಚಿನಿಂದ ಒಂದು ಪೆಟ್ಟು ಕೊಟ್ಟರು. ಬಳೆ ಒಡೆದು ಬಿತ್ತು. ಚೂರು ಚುಚ್ಚಿ ರಕ್ತ ಬಂತು. ಅದರ ಮೇಲೂ ನೀರು ಹಾಕಿದರು.

ನಮ್ಮವ್ವ ಅಮರಮ್ಮನ ಕೈ ಬರಿದಾಗಿತ್ತು. ಅಪ್ಪ ಹುಸೇನಪ್ಪ ಸತ್ತ ಮೇಲೆ ಅವಳು ಬಳೆ ಇಟ್ಟಿರಲಿಲ್ಲ. ಇವತ್ತು ನಾನು ಅವ್ವನ ಹಾಗೆ ಕಾಣಬೇಕಿತ್ತು.

ಅವ್ವ ಹೋಗಿದ್ದು ಹಿಂದಿನ ಅಮಾವಾಸ್ಯೆಗೆ, ನಮ್ಮೂರು ಗೂಗಲ್‌ನ ಹೊಲದಲ್ಲಿ, ಬಿಸಿಲು ಬಡಿದು. ಮಣ್ಣು ಮಾಡಿ ಮೂರು ದಿನ ಆಗಿತ್ತೋ ಇಲ್ಲವೋ, ಬಸವಂತಮ್ಮನವರು ನಮ್ಮಣ್ಣ ದುರುಗೇಶನಿಗೆ ಫೋನ್ ಮಾಡಿ ನನ್ನನ್ನು ರಾಯಚೂರಿಗೆ ಕಳಿಸೆಂದರು. ನಾನು ಅವರ ಮನೆಯಲ್ಲಿ ಕೆಲಸಕ್ಕಿದ್ದೆ, ಅಣ್ಣ ಅವರ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಇನ್ನೂ ಸೂತಕ ಕಳೆದಿಲ್ಲ ಎಂದು ಅಣ್ಣ ಹೆದರುತ್ತಲೇ ಹೇಳಿದ.

"ನಮ್ಮಲ್ಲಿ ಸೂತಕ ಇಲ್ಲಪ್ಪ. ಶರಣರು ಅದನ್ನೆಲ್ಲಾ ಬ್ಯಾಡ ಅಂದಾರ. ನಮ್ಮ ಮನಿಗೆ ಬರಾಕ ಏನೂ ಅಡ್ಡಿಲ್ಲ, ಕಳಸು" ಎಂದರು.

ಅಕ್ಕ ಮಂಜುಳಾ ಇರುವುದು ಇಂಗ್ಲೆಂಡಿನಲ್ಲಿ. ಬಸವಂತಮ್ಮನವರ ಮಗಳು ಸ್ವಪ್ನಕ್ಕ ಅವಳನ್ನು ಬಾಣಂತನಕ್ಕೆಂದು ಕರೆದುಕೊಂಡು ಹೋಗಿದ್ದರು. ಬಾಣಂತನ ಮುಗಿಯಿತು, ಕೂಸು ಅಂಬೆಗಾಲಿಟ್ಟಿತು, ಅಕ್ಕನನ್ನು ಕಳಿಸಲಿಲ್ಲ. ಅವಳ ಹತ್ತಿರ ಫೋನ್ ಇಲ್ಲ. ಐತವಾರ ಸ್ವಪ್ನಕ್ಕನ ಫೋನಿನಿಂದ ಈ ಮನೆಗೆ ಮಾತ್ರ ಮಾತಾಡಬಹುದು. ಅದಕ್ಕಾಗಿ ಅವ್ವ ಗೂಗಲ್‌ನಿಂದ ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿಗೆ ಬಸ್ಸು ಹಿಡಿದು ಬರುತ್ತಿದ್ದಳು. ಪಡಸಾಲೆಯ ಕಂಬಕ್ಕೆ ಆನಿ ಕೂತು, ಸೆರಗನ್ನು ಗದ್ದದ ತನಕ ಎಳೆದುಕೊಳ್ಳುತ್ತಿದ್ದಳು. ಬಸವಂತಮ್ಮನವರ ಗಂಡ, ಸಾಹುಕಾರ ಜಂಬಣ್ಣನವರ ಎದುರು ನಮ್ಮ ಹೆಂಗಸರು ಮುಖ ತೋರಿಸುವುದಿಲ್ಲ. ಹೀಗಾಗಿ ಅಕ್ಕನಿಗೂ ಫೋನಿನಲ್ಲಿ ಕಾಣುತ್ತಿದ್ದದ್ದು ಒಂದು ಸೀರೆ, ಎರಡು ಕೈ. ಬಸವಂತಮ್ಮನವರಿಗೆ ಉಪಾಯ ಹೊಳೆದದ್ದು ಅದರಿಂದಲೇ.

ಅವ್ವನನ್ನು ತೋರಿಸದಿದ್ದರೆ ಕೂಸನ್ನು ಮುಟ್ಟುವುದಿಲ್ಲ ಎಂದು ಅಕ್ಕ ಊಟ ಬಿಟ್ಟಿದ್ದಳಂತೆ.

"ಅವ್ವ ಸತ್ತಾಳಂತ ಹೇಳಿಬಿಡ್ರಿ ಅವ್ವಾರ" ಎಂದೆ.

"ಹೇಳಿದ್ರ ಬರ್ತೀನಿ ಅಂತಾಳ. ಅದೇನು ದೇವದುರ್ಗದ ಬಸ್ಸೇನು, ಕೈ ಮಾಡಿ ಹತ್ತಾಕ? ಈಕಿ ಬಂದ್ರ ನಿಮ್ಮವ್ವ ಎದ್ದು ಕುಂದರ್ತಾಳೇನು?" ಬಸವಂತಮ್ಮನವರು ನಕ್ಕರು. "ನಿಮ್ಮಣ್ಣ ಮಿಲ್ಲಿನಾಗ ಇರಬೇಕೋ ಬ್ಯಾಡೋ? ಸುಮ್ನ ಸೀರಿ ಉಡು."

ಅವ್ವ ಹೋದ ಸಲ ಬಂದಾಗ ಹಿತ್ತಲಲ್ಲಿ ಒಣಹಾಕಿ ಮರೆತು ಹೋದ ಸೀರೆ ಅದು. ಉಟ್ಟು, ಸೆರಗು ಎಳೆದುಕೊಂಡು, ಕಂಬಕ್ಕೆ ಆನಿ ಕೂತೆ.

ಫೋನ್ ಬಂತು. ಬಸವಂತಮ್ಮನವರು ಅದನ್ನು ನನ್ನ ಕಡೆ ಹಿಡಿದರು. ತೆಳುವಾದ ಹಳೆಯ ಸೀರೆ, ಸೆರಗಿನೊಳಗಿಂದ ನನಗೆ ಎಲ್ಲ ಕಾಣುತ್ತಿತ್ತು. ಮೊದಲು ಸ್ವಪ್ನಕ್ಕನ ಮುಖ, ಹಿಂದೆ ಬರೀ ಹಸಿರು.

"ಏ ಅಮರಮ್ಮಾ, ನೋಡು ನಿನ್ನ ಮಗಳ್ನ! ಸೊಟ್ಟ ಮಾರಿ ಮಾಡ್ಕೊಂಡು ಕುಂತಿದ್ಲು. ಈ ಅಡವಿ ಅಂದ್ರ ಆಕಿಗೆ ಭಾಳ ಜೀವ ಅಂತ ಮತ್ತ ಕರ್ಕೊಂಡು ಬಂದೀನಿ. ಇಂಥ ಭಾಗ್ಯ ನಿಮ್ಮ ಓಣ್ಯಾಗ ಯಾರಿಗದ ಹೇಳು?"

ಅವ್ವ ಇಲ್ಲವೆಂದು ಸ್ವಪ್ನಕ್ಕನಿಗೆ ಗೊತ್ತಿತ್ತು. ಆದರೂ ಎಷ್ಟು ಸಲೀಸಾಗಿ ಮಾತಾಡಿದರು.

"ಆಕಿಗೆ ಬಿಸಿಲಿಗೆ ಗಂಟಲ ಬಿದ್ದದ. ಮಾತಾಡಂಗಿಲ್ಲ, ಬರೇ ಕೇಳಸ್ಕೊಂತಾಳ" ಎಂದರು ಬಸವಂತಮ್ಮನವರು.

ಅಕ್ಕ ಫೋನ್ ಇಸಿದುಕೊಂಡಳು. ಕೆನ್ನೆ ಒಳಗೆ ಹೋಗಿದ್ದವು. ಯಾರದೋ ದೊಡ್ಡ ಸ್ವೆಟರ್ ಹಾಕಿಕೊಂಡಿದ್ದಳು.

"ಮಲ್ಲಿ ಎಲ್ಲದಾಳ್ರೀ?" ನನ್ನನ್ನೇ ಕೇಳಿದಳು.

"ಮಾನ್ವಿಗೆ ಕಳಿಸೀನಿ, ನಮ್ಮ ತಂಗಿ ಮನಿಗೆ. ಹಪ್ಪಳ ಮಾಡಾಕ."

ಸ್ವಪ್ನಕ್ಕ ಕೂಸಿಗೆ ಹಾಲು ಕುಡಿಸಲು ಕಾರಿನ ಕಡೆ, ಗಂಡನಿದ್ದಲ್ಲಿಗೆ ಹೋದರು. ಬಸವಂತಮ್ಮನವರು ಫೋನನ್ನು ಸ್ಟೂಲಿನ ಮೇಲೆ ಡಬ್ಬಿಗೆ ಆನಿಸಿ, "ತಾಯಿ ಮಗಳು ಮಾತಾಡ್ಕೊಳ್ರಿ. ನಾ ಒಳಗ ಹೋಗ್ತೀನಿ" ಎಂದರು. ಹೋಗಲಿಲ್ಲ. ಫೋನಿನ ಹಿಂದೆ, ಅಕ್ಕನಿಗೆ ಕಾಣದ ಹಾಗೆ, ಸೊಂಟದ ಮೇಲೆ ಕೈ ಇಟ್ಟು ನಿಂತರು.

ಅಕ್ಕ ನಡೆಯುತ್ತ ಅಡವಿಯನ್ನು ತೋರಿಸಿದಳು. ದಪ್ಪ ಬೊಡ್ಡೆಗಳು, ಮೇಲೆ ಬಿಸಿಲು ತೂರದಷ್ಟು ಎಳೆ ಎಲೆ. ನೆಲದ ತುಂಬ ನೀಲಿ ಹೂವು, ಕಣ್ಣು ಹೋದಷ್ಟು ದೂರ.

"ನೋಡಬೇ ಯವ್ವಾ, ಅಗಸಿ ಹೊಲ ಹೂ ಬಿಟ್ಟಂಗ ಅದಲ್ಲ? ಯಾರೂ ಬಿತ್ತಿಲ್ಲಂತ, ತಾನಾ ಬಂದಾವಂತ. ಗಿಡಕ್ಕ ಒಂದು ಮುಳ್ಳಿಲ್ಲ. ಕಟಿಗಿ ಹಂಗಾ ಬಿದ್ದಾವ, ಯಾರೂ ಒಯ್ಯಂಗಿಲ್ಲ. ನೀ ಇದ್ದಿದ್ರ ಒಂದು ಹೊರಿ ಕಟ್ಟಿಬಿಡ್ತಿದ್ದಿ." ತಾನೇ ನಕ್ಕಳು. "ಮಂದಿ ಕಾರ್ ತಗೊಂಡು ಗಿಡ ನೋಡಾಕ ಬರ್ತಾರ. ನೋಡ್ತಾರ, ಹೋಗ್ತಾರ. ಹುಚ್ಚ ಮಂದಿ."

ಅವಳು ನಿಂತಳು. ಒಂದು ಹಕ್ಕಿ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

"ಎಷ್ಟು ಸುಮ್ನ ಅದ ನೋಡು. ಇಲ್ಲಿ ಒದರಿದ್ರೂ ಯಾರೂ ಬರಂಗಿಲ್ಲ. ಬಸವಂತಮ್ಮ ಹೋದ್ಲಾ?"

ಬಸವಂತಮ್ಮನವರು ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲಾಡಲಿಲ್ಲ. ಅಕ್ಕ ಅದನ್ನೇ ಹೂಂ ಎಂದು ತಿಳಿದುಕೊಂಡಳು. ಸ್ವೆಟರಿನ ತೋಳು ಮೇಲೆ ಸರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದು ಕೆಂಪಗಿತ್ತು.

"ಹಾಲು ಉಕ್ಕಿಸಿದ್ನಂತ ಸ್ವಪ್ನಕ್ಕ ಅದೇ ಹಾಲು ಸುರುವಿದ್ಲು. ನಿನಗ ತೋರಸಬಾರ್ದು ಅಂತಿದ್ದೆ." ದನಿ ಇಳಿಸಿದಳು. "ಅಲ್ನೋಡು, ಬೆಂಚಿನ ಮ್ಯಾಲ. ಉಮ್ಮೇ ಕುಲ್ಸುಮ್ ಅಂತ, ಹೈದರಾಬಾದ್ ಕಡಿಯಾಕಿ. ಆ ಮುದುಕನ್ನ ನೋಡ್ಕೊಳೋ ಕೆಲಸ. ಹಿಂದಕ ಇಲ್ಲೇ ಸಿಕ್ಕಿದ್ಲು. ಊರಿಗೆ ಕಳಸೋ ಆಫೀಸ್ ಒಂದದಂತ, ಪಾಸ್‌ಪೋರ್ಟ್ ಇವರ ಕಡಿ ಇದ್ರೂ ನಡೀತದಂತ. ಇವತ್ತಾ ಕರ್ಕೊಂಡು ಹೋಗ್ತೀನಿ ಅಂದಾಳ."

ದೂರದ ಬೆಂಚಿನ ಮೇಲೆ ಕಪ್ಪು ಓಢಣಿಯ ಹೆಂಗಸು. ಪಕ್ಕದಲ್ಲಿ ಗಾಲಿ ಕುರ್ಚಿ, ಅದರಲ್ಲಿ ತಲೆ ಜೋತುಬಿಟ್ಟ ಬಿಳಿ ಮುದುಕ.

"ನಾ ಹೋದ್ರ ಅಣ್ಣನ ಕೆಲಸ ಹೋಗ್ತದ, ನನಗ ಗೊತ್ತದ. ಅದಕ್ಕಾ ನಿನ್ನ ಕೇಳಾಕತ್ತೀನಿ. ನೀ ಬ್ಯಾಡ ಅಂದ್ರ ಇಲ್ಲೇ ಇರ್ತೀನಿ. ಬಾ ಅಂದ್ರ ಈಗಿಂದೀಗ ಹೋಗ್ತೀನಿ. ಬಾ ಅನ್ನೋದಾದ್ರ ತಲಿ ಅಲ್ಲಾಡಸು, ಸಾಕು."

ಬಸವಂತಮ್ಮನವರ ಬೆರಳು ಡಬ್ಬಿಯ ಮೇಲಿಂದ ಬಗ್ಗಿ ಬಂದು ಫೋನನ್ನು ಒತ್ತಿತು. ನಮ್ಮ ದನಿ ಆ ಕಡೆ ಹೋಗುವುದು ನಿಂತಿತು. ಆಮೇಲೆ ಮನೆಯೆಲ್ಲ ಕೇಳುವ ಹಾಗೆ ಕೂಗಿದರು.

"ಏನ್ರೀ! ಅಳಿಯಗ ಫೋನ್ ಹಚ್ರಿ! ಈ ರಂಡಿ ಓಡಿ ಹೋಗ್ತಾಳಂತ! ಲಗೂ ಹಚ್ರಿ!"

ಸಾಹುಕಾರರು ಮಂಚದಿಂದ ಎದ್ದರು. ಅವರ ಫೋನಿನಲ್ಲಿ ಗಂಟೆ ಹೋಗುವುದು ಕೇಳಿಸಿತು.

ನಾನು ತಲೆ ಅಲ್ಲಾಡಿಸಿದೆ. ಜೋರಾಗಿ, ಮತ್ತೆ ಮತ್ತೆ. ಬಸವಂತಮ್ಮನವರು ಫೋನಿಗೆ ಕಾಣದ ಹಾಗೆ ಪಕ್ಕದಿಂದ ಬಂದು, ನೆಲಕ್ಕೂರಿದ್ದ ನನ್ನ ಕೈಬೆರಳುಗಳ ಮೇಲೆ ಕಾಲಿಟ್ಟು ಭಾರ ಹಾಕಿದರು. ಆದರೆ ಅಕ್ಕ ನೋಡಿಬಿಟ್ಟಿದ್ದಳು.

"ಹೋಗ್ಲಾ? ಹೋಗ್ಲೇನಬೇ?" ಅವಳ ಮುಖವೆಲ್ಲ ಒದ್ದೆಯಾಯಿತು. "ಮನಿಗೆ ಬಂದಮ್ಯಾಲ ನಿನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ನೋಡು. ಇನ್ನೊಂದ್ ಸ್ವಲ್ಪ ನೋಡ್ಕೊಂತೀನಿ ತಡಿ, ಆಮ್ಯಾಲ ಈ ಫೋನ್ ಒಗದು ಹೋಗ್ತೀನಿ."

ಹೋಗಲಿಲ್ಲ. ನೋಡುತ್ತ ನಿಂತಳು.

ಅವಳ ಬೆನ್ನ ಹಿಂದೆ, ಬೊಡ್ಡೆಗಳ ನಡುವೆ, ಒಂದು ಕೆಂಪು ಜಾಕೀಟು ಕಾಣಿಸಿತು. ಸ್ವಪ್ನಕ್ಕನ ಗಂಡ ಬಸವಲಿಂಗ. ಕಿವಿಗೆ ಫೋನ್ ಹಿಡಿದು, ಹೂವು ತುಳಿಯುತ್ತ ಬರುತ್ತಿದ್ದರು. ಓಡುತ್ತಿರಲಿಲ್ಲ. ನಾಯಿ ಹಿಡಿಯುವವರು ಹೇಗೆ ಬರುತ್ತಾರೋ ಹಾಗೆ, ಮೆಲ್ಲಗೆ.

ನಾನು ಕೈ ಕಿತ್ತುಕೊಂಡು ಎದ್ದೆ. ಸೆರಗು ಕಿತ್ತು ಎಸೆದೆ. "ಅಕ್ಕಾ, ಓಡು! ಹಿಂದ ಬರಾಕತ್ಯಾರ, ಓಡು!" ಎಂದು ಗಂಟಲು ಹರಿಯುವಂತೆ ಚೀರಿದೆ. ಬಸವಂತಮ್ಮನವರು ಮರೆಯಿಂದಲೇ ನನ್ನ ಕೂದಲು ಹಿಡಿದು ಜಗ್ಗಿದರು.

ಅಕ್ಕನಿಗೆ ಏನೂ ಕೇಳಿಸಲಿಲ್ಲ. ಅವಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು. ಓಡುವುದನ್ನು ಮರೆತು ನಕ್ಕಳು.

"ಏ ಮಲ್ಲೀ! ನೀನೇನ ಹುಚ್ಚಿ? ಅವ್ವನ ಸೀರಿ ಉಟ್ಕೊಂಡು ಆಟ ಮಾಡಾಕತ್ತೀಯಲ್ಲ, ಮಾನ್ವಿಗೆ ಹೋಗ್ಯಾಳ ಅಂದ್ರಲ್ಲ?"

ನಗು ನಿಂತಿತು. ಅವಳು ನನ್ನ ಮುಖ ನೋಡಿದಳು, ಬರಿಗೈ ನೋಡಿದಳು. ಕೆಂಪು ಜಾಕೀಟು ಅವಳ ಹೆಗಲ ಹತ್ತಿರ ಬಂದಿತ್ತು.

"ಮಲ್ಲೀ, ಅವ್ವಗ ಫೋನ್ ಕೊಡು."